ಮನೆಯಲ್ಲಿ ಹೊಯ್ದ ರಬ್ಬರ್ ಮೀನಿಗೆ ಟ್ರೌಟ್ ಬಣ್ಣ: ಚುಕ್ಕಿ ಹಬ್ಬಿ ಹಾಳಾಗುತ್ತಿದೆ, ದಾರಿ ಹೇಳಿ

ಕಕ್ಕಬೆ ತೋಟದವ

ಎಲ್ಲರಿಗೂ ನಮಸ್ಕಾರ. ಕಕ್ಕಬೆ ಹತ್ತಿರ ನಮ್ಮ ಕಾಫಿ ತೋಟ. ಎರಡು ವರ್ಷದಿಂದ ಪ್ಲಾಸ್ಟಿಸಾಲ್ ಅನ್ನುವ ದ್ರವ ಪ್ಲಾಸ್ಟಿಕ್ ಕಾಯಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ಹೊಯ್ದು ಗಾಳಕ್ಕೆ ಹಾಕುವ ಮೂರಿಂಚಿನ ರಬ್ಬರ್ ಮೀನು ನಾನೇ ಮಾಡಿಕೊಳ್ಳುತ್ತೇನೆ. ತೋಟದ ಕೆರೆಯ ಕೊರವ ಮೀನಿಗೆ ಕಪ್ಪು, ಕಡು ಹಸಿರು ಎರಡೇ ಸಾಕಿತ್ತು. ಬಣ್ಣಕ್ಕೆ ಅಂತ ತಲೆ ಕೆಡಿಸಿಕೊಂಡವನೇ ಅಲ್ಲ.

ಈಗ ಭಾವ, ಬರುವ ಏಪ್ರಿಲ್‌ಗೆ ಹಿಮಾಚಲದ ತೀರ್ಥನ್ ನದಿಗೆ ಹೋಗುವ ಅಂತಿದ್ದಾರೆ. ಅಲ್ಲಿ ಬ್ರೌನ್ ಟ್ರೌಟ್ ಅನ್ನುವ ತಣ್ಣೀರಿನ ಮೀನು ಇದೆ. ದೊಡ್ಡ ಬ್ರೌನ್ ಟ್ರೌಟ್ ಸ್ವಂತ ಜಾತಿಯ ಮರಿಗಳನ್ನೂ ನುಂಗುತ್ತದೆ. ಹಾಗಾಗಿ ಟ್ರೌಟ್ ಮರಿಯನ್ನೇ ಮಾಡಬೇಕು ಅಂತ ಹಟ ಹಿಡಿದು ಕೂತಿದ್ದೇನೆ. ಅಂಗಡಿಯದ್ದು ಕೊಳ್ಳಬಹುದು, ಗೊತ್ತು. ಆದರೆ ಕೈಯಾರೆ ಮಾಡಿದ್ದಕ್ಕೆ ಮೀನು ಕಚ್ಚಿದಾಗ ಆಗುವ ಖುಷಿಯೇ ಬೇರೆ.

ತೊಂದರೆ ಎರಡು. ಕಂದು ಬಣ್ಣದ ಮೀನು ಹೊಯ್ದು, ಆರಿದ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದೊಂದೇ ಚುಕ್ಕಿ ಇಟ್ಟೆ. ಹನ್ನೆರಡು ಮೀನಿಗೆ ಒಂದು ಸಂಜೆ ಪೂರ್ತಿ ಹೋಯಿತು. ಕವರಿಗೆ ಹಾಕಿಟ್ಟು ಹತ್ತು ದಿನ ಬಿಟ್ಟು ತೆಗೆದರೆ ಸಾಸಿವೆಯಷ್ಟಿದ್ದ ಚುಕ್ಕಿ ಒಳ್ಳೆಮೆಣಸಿನಷ್ಟಾಗಿದೆ. ಅಂಚೇ ಇಲ್ಲ, ಮೈಯೆಲ್ಲ ಮಸಿ ಮಸಿ. ನೋಡಿ ಬಹಳ ಬೇಜಾರಾಯಿತು.

ಎರಡನೆಯದು, ಕಕ್ಕಡ ತಿಂಗಳ ಮಳೆ ಶುರುವಾದ ಮೇಲೆ ಎರಕವೇ ಸರಿ ಬರುತ್ತಿಲ್ಲ. ಮೈತುಂಬ ಗುಳ್ಳೆ. ಹೋದ ಭಾನುವಾರ ಹೊಯ್ಯುವಾಗ ಚಟ್ ಅಂತ ಸಿಡಿದು ಮಣಿಕಟ್ಟಿನ ಮೇಲೆ ಬಿತ್ತು, ಬೊಬ್ಬೆ ಎದ್ದಿದೆ. ನನ್ನದು ಬೆನ್ನು ಕೆಳಗೆ, ಹೊಟ್ಟೆ ಮೇಲೆ ಬರುವ ತೆರೆದ ಅಚ್ಚು. ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರ ಎರಕ

ಅಣ್ಣ, ಯಾವ ಮಾರ್ಕರ್ ತಂದರೂ ಇದೇ ಕತೆ. ಪ್ಲಾಸ್ಟಿಸಾಲ್ ಅಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಸರ್‌ನಲ್ಲಿ ಕಲಸಿದ್ದು. ಗಟ್ಟಿಯಾದ ಮೇಲೂ ಆ ಎಣ್ಣೆ ಒಳಗೇ ಇರುತ್ತದೆ, ಅದಿರುವುದಕ್ಕೇ ಮೀನು ಮೆತ್ತಗೆ ಆಡುವುದು. ಮಾರ್ಕರ್ ಶಾಯಿ ಅದರಲ್ಲಿ ಕರಗಿ ಹಬ್ಬುತ್ತದೆ. ಕೆಂಪು ಮೀನನ್ನೂ ಬಿಳಿ ಮೀನನ್ನೂ ಒಂದೇ ಕವರಿನಲ್ಲಿಟ್ಟರೆ ಬಿಳಿಯದು ಗುಲಾಬಿಯಾಗುವುದೂ ಹೀಗೇ. ಕರಗುವ ಡೈ ಬೇಡ, ಪ್ಲಾಸ್ಟಿಸಾಲ್‌ಗೆ ಅಂತಲೇ ಬರುವ ಪಿಗ್ಮೆಂಟ್ ತನ್ನಿ. ಅದು ಕರಗುವುದಿಲ್ಲ, ಸಣ್ಣ ಕಣವಾಗಿಯೇ ಇದ್ದಲ್ಲಿ ಕೂರುತ್ತದೆ.

ಚುಕ್ಕಿಯನ್ನು ಮೀನಿನ ಮೇಲಲ್ಲ, ಅಚ್ಚಿನ ಗೋಡೆಗೆ ಇಡಿ. ಒಂದು ಚಮಚದಷ್ಟು ಕಪ್ಪು ಪ್ಲಾಸ್ಟಿಸಾಲ್ ಕಾಯಿಸಿ, ಟೂತ್‌ಪಿಕ್ ತುದಿ ಅದ್ದಿ, ಅಚ್ಚಿನ ಒಳಮೈಗೆ ಮುಟ್ಟಿಸಿ ತೆಗೆಯಿರಿ. ಅಲ್ಲೇ ಹೆಪ್ಪುಗಟ್ಟುತ್ತದೆ. ಮೇಲಿಂದ ಬಿಸಿ ಪ್ಲಾಸ್ಟಿಕ್ ಹೊಯ್ದಾಗ ಎರಡೂ ಬೆಸೆದುಕೊಂಡು ಒಂದೇ ಮೈಯಾಗುತ್ತವೆ, ಉಜ್ಜಿದರೂ ಹೋಗುವುದಿಲ್ಲ.

ಒಂದು ಮಾತು ನೆನಪಿರಲಿ. ಬ್ರೌನ್ ಟ್ರೌಟ್‌ನ ಕೆಂಪು ಚುಕ್ಕಿಯ ಸುತ್ತ ತಿಳಿ ಬಣ್ಣದ ಬಳೆ ಇರುತ್ತದೆ. ಅಚ್ಚಿನಲ್ಲಿ ಎಲ್ಲ ತಿರುವುಮುರುವು, ಗಾಜಿನ ಹಿಂದೆ ಚಿತ್ರ ಬರೆದ ಹಾಗೆ. ಮೊದಲು ಸಣ್ಣ ಕೆಂಪು, ಅದರ ಮೇಲೆ ಸ್ವಲ್ಪ ದೊಡ್ಡದಾಗಿ ತಿಳಿ ಹಳದಿ. ನಾನು ಮೊದಲ ಸಲ ಹಳದಿ ಮೊದಲಿಟ್ಟು, ಮೀನು ಬಿಡಿಸಿ ನೋಡಿದರೆ ಕೆಂಪು ಕಾಣಲೇ ಇಲ್ಲ.

ಆಮೇಲೆ ಬೆನ್ನಿನ ಬಣ್ಣ, ಪಕ್ಕೆಯ ಬಣ್ಣ, ಕೊನೆಗೆ ಹೊಟ್ಟೆ. ಕೆಳಗಿನದು ಕೆನೆಗಟ್ಟುತ್ತಿದ್ದ ಹಾಗೆ ಮೇಲಿನದು ಹೊಯ್ಯಬೇಕು. ತೀರಾ ಬೇಗ ಹೊಯ್ದರೆ ಕಲಸಿಹೋಗುತ್ತದೆ, ಪೂರ್ತಿ ಆರಲು ಬಿಟ್ಟರೆ ಆಮೇಲೆ ಪದರ ಪದರ ಕಿತ್ತು ಬರುತ್ತದೆ. ಕಾಯಿಸುವಾಗ 175 ಡಿಗ್ರಿ ಆಸುಪಾಸು ಇರಲಿ. 200 ದಾಟಿದರೆ ಹಳದಿಗಟ್ಟುತ್ತದೆ, ಹೊಗೆಯೂ ಕೆಟ್ಟದ್ದು. ಅಡುಗೆಮನೆಯಲ್ಲಿ ಮಾತ್ರ ಬೇಡ. ಹೊರಗೆ ಚಾವಡಿಯಲ್ಲಿ ಮಾಡಿ, ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಆ ಪಾತ್ರೆಯನ್ನು ಮತ್ತೆ ಊಟಕ್ಕೆ ಬಳಸಬೇಡಿ.

ಗೋಣಿಕೊಪ್ಪ ಕೋಲು

ನಾನು ತೀರ್ಥನ್‌ಗೆ ಎರಡು ಸಲ ಹೋಗಿ ಬಂದವನು. ಚುಕ್ಕಿಯ ಹಿಂದೆ ಇಷ್ಟು ಬೀಳಬೇಡಿ ಸಾರ್. ಅಂಗೈಯಲ್ಲಿ ಹಿಡಿದು ನೋಡಿದ ಟ್ರೌಟ್ ಮರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಕಂಡದ್ದು ಚುಕ್ಕಿಯಲ್ಲ, ಪಕ್ಕೆಯ ಉದ್ದಕ್ಕೆ ಶಾಯಿ ಹಚ್ಚಿದ ಹೆಬ್ಬೆಟ್ಟು ಒತ್ತುತ್ತಾ ಹೋದ ಹಾಗೆ ನೀಲಿ ಬೂದು ಪಟ್ಟೆ. ಮರಿಗಳಿಗೆ ಮಾತ್ರ ಅದು ಎದ್ದು ಕಾಣುವುದು, ಬೆಳೆದ ಮೇಲೆ ಮಾಸುತ್ತದೆ. ಮೂರಿಂಚಿನ ಮೀನಿಗೆ ದೊಡ್ಡ ಟ್ರೌಟ್‌ನ ಬಣ್ಣ ಹಾಕಿದರೆ ಮಗುವಿಗೆ ಮೀಸೆ ಬರೆದ ಹಾಗೆ.

ಆ ಪಟ್ಟೆ ಮಾಡಿ. ಬೆನ್ನು ಹಸಿರು ಬೆರೆತ ಕಂದು, ಪಕ್ಕೆ ಜೇನಿನ ಬಣ್ಣ, ಹೊಟ್ಟೆ ಕೆನೆ. ಪಕ್ಕೆಗೆ ಪಿಗ್ಮೆಂಟ್ ಆದಷ್ಟು ಕಮ್ಮಿ, ಬೆಳಕು ಒಳಗೆ ಹೋಗಿ ಬರಬೇಕು. ಮೈಕಾ ಪುಡಿ ಒಂದು ಚಿಟಿಕೆ ಸಾಕು. ಬೆನ್ನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಮಾಂಸಲ ರೆಕ್ಕೆ ಇರುತ್ತದಲ್ಲ, ಅದಕ್ಕೊಂದು ಕಿತ್ತಳೆ ಬೊಟ್ಟು. ಬಾಲಕ್ಕೆ ಚುಕ್ಕಿ ಬೇಡ. ಬಾಲದ ತುಂಬ ಚುಕ್ಕಿ ಇರುವುದು ರೇನ್‌ಬೋ ಟ್ರೌಟ್‌ಗೆ.

ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ ಇರಲೇಬೇಕು. ಹಿಮ ಕರಗಿ ನೀರು ಕದಡಿದರೆ ಚುಕ್ಕಿ ಯಾರಿಗೆ ಕಾಣುತ್ತದೆ? ಆಗ ಕೆಲಸ ಮಾಡುವುದು ಇದೇ. ಅಂದಹಾಗೆ ಅಲ್ಲಿ ಪರವಾನಗಿ ಬೇಕು, ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಏಪ್ರಿಲ್ ಆದರೆ ಆಯಿತು. ಯಾವ ಭಾಗದಲ್ಲಿ ಏನು ಹಾಕಬಹುದು ಅಂತ ಪರವಾನಗಿ ಕೊಡುವಾಗಲೇ ಕೇಳಿಕೊಳ್ಳಿ. ಹರಿದ ರಬ್ಬರ್ ಒಂದು ಚೂರೂ ನೀರಿಗೆ ಬಿಡಬೇಡಿ, ಜೇಬಿಗೆ ಹಾಕಿಕೊಂಡು ಬನ್ನಿ. ಅದು ಕೊಳೆಯುವುದಿಲ್ಲ, ಮೀನು ನುಂಗುತ್ತದೆ.

ಶನಿವಾರಸಂತೆ

ಸಿಡಿದದ್ದು ಅಚ್ಚಿನ ತೇವದಿಂದ ಮಾರಾಯ್ರೆ. ಪ್ಲಾಸ್ಟರ್ ನೀರು ಕುಡಿದು ಕೂತಿದೆ, ಬಿಸಿ ತಾಗಿದ ಕೂಡಲೇ ಆವಿಯಾಗಿ ಒದೆಯುತ್ತದೆ. ನಿಮ್ಮ ಕಡೆಯ ಕಕ್ಕಡದ ಮಳೆಗೆ ಗೋಡೆಯೇ ಒಣಗುವುದಿಲ್ಲ, ಅಚ್ಚು ಎಲ್ಲಿ ಒಣಗೀತು. ಅಚ್ಚನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಕೊರೆದರೆ ಇನ್ನೂ ಹಸಿ. ಒಲೆಯ ಮೇಲಿನ ಅಟ್ಟದಲ್ಲಿ ವಾರ ಇಡಿ. ನೇರ ಬೆಂಕಿಗೆ ಹಿಡಿದರೆ ಪುಡಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಫೆವಿಕಾಲ್ ನೀರು ಮಾಡಿ ಎರಡು ಮೂರು ಕೈ ಬಳಿಯಿರಿ. ಮತ್ತೆ ತೇವ ಎಳೆಯುವುದು ಕಮ್ಮಿಯಾಗುತ್ತದೆ, ಮೀನಿಗೆ ಹೊಳಪೂ ಬರುತ್ತದೆ. ಮತ್ತೆ ಕೈಗೆ ದಪ್ಪ ಗವಸು, ಉದ್ದ ತೋಳಿನ ಅಂಗಿ.

ಕಕ್ಕಬೆ ತೋಟದವ

ನಾಲ್ಕು ವಾರ ಬಿಟ್ಟು ಬರೆಯುತ್ತಿದ್ದೇನೆ. ಅಚ್ಚು ಅಟ್ಟದಲ್ಲಿ ಒಂಬತ್ತು ದಿನ ಇತ್ತು, ಕೆನ್ನೆಗೆ ಒತ್ತಿ ಒತ್ತಿ ನೋಡಿದೆ. ಈ ಸಲ ಸಿಡಿಯಲಿಲ್ಲ, ಒಂದು ಗುಳ್ಳೆ ಇಲ್ಲ. ಹೆಬ್ಬೆಟ್ಟಿನ ಪಟ್ಟೆಗೆ ಟೂತ್‌ಪಿಕ್ ಸಣ್ಣದಾಯಿತು, ಬೆಂಕಿಕಡ್ಡಿಯ ಹಿಂಬದಿ ಸರಿ ಹೋಯಿತು. ಬದಿಗೆ ಎಂಟೆಂಟು ಪಟ್ಟೆ, ಕೆಂಪು ಚುಕ್ಕಿ ಐದು ಮಾತ್ರ. ಕಪ್ಪು ಚುಕ್ಕಿ ಇಟ್ಟು ಹದಿನೈದು ದಿನವಾಯಿತು, ಇನ್ನೂ ಸಾಸಿವೆಯಷ್ಟೇ ಇದೆ.

ಮನೆ ಹಿಂದಿನ ತೋಡಿನಲ್ಲಿ ದಾರ ಕಟ್ಟಿ ಬಿಟ್ಟು ನೋಡಿದೆ. ಮೇಲಿಂದ ಬಗ್ಗಿ ನೋಡಿದರೆ ಬೆನ್ನು ಜಲ್ಲಿಯೊಳಗೆ ಕರಗಿ ಹೋಯಿತು. ಮೀನು ಎಲ್ಲಿದೆ ಅಂತ ದಾರ ಹಿಡಿದು ಹುಡುಕಬೇಕಾಯಿತು. ಸ್ವಲ್ಪ ಎಳೆದೆ, ಪಕ್ಕೆ ತಿರುಗಿ ಜೇನಿನ ಬಣ್ಣ ಮಿಂಚಿ ಮತ್ತೆ ಮಾಯ. ಮಾರ್ಕರ್ ಹಾಕಿದ ಹಳೆಯದನ್ನೂ ಪಕ್ಕದಲ್ಲೇ ಬಿಟ್ಟೆ. ಅದು ಕೊಳೆತ ಕಾಫಿ ಹಣ್ಣಿನ ಹಾಗೆ ಕಂಡಿತು. ಹನ್ನೆರಡನ್ನೂ ಕರಗಿಸಿ ಕೊರವನಿಗೆ ಕಪ್ಪು ಮೀನು ಹೊಯ್ಯುತ್ತೇನೆ.

ಹೊಟ್ಟೆಯ ಕೆನೆ ಬಣ್ಣ ಮಾತ್ರ ಸ್ವಲ್ಪ ದಪ್ಪವಾಯಿತು, ಮುಂದಿನ ಸಲ ಬಿಳಿ ಒಂದು ಹನಿ ಕಮ್ಮಿ ಹಾಕುತ್ತೇನೆ. ಕಪ್ಪು ಪಿಗ್ಮೆಂಟ್ ಬೇಕಾದದ್ದಕ್ಕಿಂತ ದೊಡ್ಡ ಶೀಶೆ ತರಿಸಿಬಿಟ್ಟಿದ್ದೇನೆ. ನಾಪೋಕ್ಲು, ವಿರಾಜಪೇಟೆ ಕಡೆಯವರಿಗೆ ಯಾರಿಗಾದರೂ ಬೇಕಿದ್ದರೆ ಹೇಳಿ, ಸಂತೆ ದಿನ ತಂದು ಕೊಡುತ್ತೇನೆ.