ಲಕ್ಸ್ ಮೀಟರ್: ಒಂದು ರೇಂಜ್‌ನಲ್ಲಿ 412, ಇನ್ನೊಂದರಲ್ಲಿ 41. ಯಾವುದನ್ನು ಬರೆದುಕೊಳ್ಳಲಿ?

ಓದುಮನೆ:
ಪಂಚಾಯಿತಿ ಅರಿವು ಕೇಂದ್ರದ ಓದುವ ಕೋಣೆಗೆ ಹೊಸದಾಗಿ ಎಲ್‌ಇಡಿ ಟ್ಯೂಬ್ ಹಾಕಿದ್ದಾರೆ. ಬೆಳಕು ಸಾಕೋ ಇಲ್ಲವೋ ಅಳೆದು ಬರೆದುಕೊಡಬೇಕು. ಕೋಣೆ 9 × 6 ಮೀಟರ್, ಟ್ಯೂಬ್‌ಗಳು ನೆಲದಿಂದ 2.75 ಮೀಟರ್ ಮೇಲೆ. ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ತೋರಿಸುವ ಮೀಟರ್‌ಗೆ ವೈರ್ ತುದಿಯಲ್ಲಿ ಬಿಳಿ ಗುಮ್ಮಟದ ಸೆನ್ಸರ್ ಇದೆ. ರೇಂಜ್ 2000, 20000, 50000. ಮಧ್ಯಾಹ್ನ ನಡುವಿನ ಮೇಜಿನ ಮೇಲೆ 2000ದಲ್ಲಿ 412 ಬಂತು, 20000ಕ್ಕೆ ತಿರುಗಿಸಿದರೆ 41. ಕಿಟಕಿ ಪಕ್ಕ 2000ದಲ್ಲಿ ಎಡತುದಿಗೆ ಬರೀ ‘1’. ಫೋನ್ ಆ್ಯಪ್ 290 ಅನ್ನುತ್ತದೆ. ಮೀಟರ್ ಕೆಟ್ಟಿದೆಯಾ?

ಲೂಮೆನ್‌ಲೆಕ್ಕ:
ಕೆಟ್ಟಿಲ್ಲ. ಇಂಥ ಮೀಟರ್‌ಗಳಲ್ಲಿ 20000ದ ಪಕ್ಕ ಸಣ್ಣಕ್ಷರದಲ್ಲಿ ×10, 50000ದ ಪಕ್ಕ ×100 ಎಂದಿರುತ್ತದೆ. ನಿಮ್ಮ 41 ಅಂದರೆ 410. ಆ ರೇಂಜ್‌ನಲ್ಲಿ ಕೊನೆಯ ಅಂಕಿ ಒಂದು ಕದಲಿದರೆ 10 ಲಕ್ಸ್ ಕದಲಿದ ಹಾಗೆ. ಒಳಗಡೆ 2000ದಲ್ಲೇ ಅಳೆಯಿರಿ. ಎಡತುದಿಯ ‘1’ ಒಂದು ಲಕ್ಸ್ ಅಲ್ಲ, ರೇಂಜ್ ಮೀರಿತು ಅಂತ ಅರ್ಥ.

ಆ್ಯಪ್ ಬಿಟ್ಟುಬಿಡಿ. ಫೋನಿನ ಸೆನ್ಸರ್ ಇರುವುದು ಪರದೆಯ ಹೊಳಪು ಏರಿಳಿಸಲು. ಓರೆಯಾಗಿ ಬೀಳುವ ಬೆಳಕು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಮೇಲಿನಿಂದ 60 ಡಿಗ್ರಿ ಓರೆಯಾಗಿ ಬಂದ ಬೆಳಕು ಮೇಜಿಗೆ ಅರ್ಧದಷ್ಟೇ ದಕ್ಕುತ್ತದೆ, ಮೀಟರ್ ಕೂಡ ಅರ್ಧವೇ ತೋರಿಸಬೇಕು. ಆ ಬಿಳಿ ಗುಮ್ಮಟ ಇರುವುದೇ ಅದಕ್ಕೆ. ಅದರ ಮೇಲೆ ಬೆರಳಿನ ಜಿಡ್ಡು ಕೂತಿದ್ದರೆ ಮೊದಲು ಒರೆಸಿ. ಮುಚ್ಚಳ ಹಾಕಿದಾಗ 0 ಬರುತ್ತದಾ, ಬ್ಯಾಟರಿ ಇಳಿದ ಗುರುತು ಕಾಣುತ್ತದಾ ನೋಡಿಕೊಳ್ಳಿ.

ತಂತಿಕಂಬ:
ಒಂದೇ ಮೇಜು ಅಳೆದರೆ ಆಗಲ್ಲ. ಎಷ್ಟು ಜಾಗ ಬೇಕು ಅನ್ನುವುದಕ್ಕೆ ಸೂತ್ರ ಇದೆ: ಉದ್ದ × ಅಗಲವನ್ನು, ಮೇಜಿನಿಂದ ದೀಪದ ಎತ್ತರ × (ಉದ್ದ + ಅಗಲ)ದಿಂದ ಭಾಗಿಸಿ. ಮೇಜು 0.75 ಮೀಟರ್ ಅಂದುಕೊಂಡರೆ ಎತ್ತರ 2. ನಿಮ್ಮದು 54 ÷ 30 = 1.8. ಉತ್ತರ 1ಕ್ಕಿಂತ ಕಡಿಮೆ ಇದ್ದರೆ 4 ಜಾಗ, 1ರಿಂದ 2ರೊಳಗೆ 9, 2ರಿಂದ 3ರೊಳಗೆ 16, ಅದರ ಮೇಲೆ 25. ಕೋಣೆಯನ್ನು 3 × 2 ಮೀಟರ್‌ನ ಒಂಬತ್ತು ಮನೆಗಳಾಗಿ ಮಾಡಿ, ಪ್ರತಿ ಮನೆಯ ನಡುವೆ ಮೇಜಿನ ಎತ್ತರದಲ್ಲಿ ಸೆನ್ಸರ್ ಸಮತಟ್ಟಾಗಿಡಿ. ದೀಪದ ಕಡೆಗೆ ವಾಲಿಸಬೇಡಿ, ಅಂಕಿ ಸುಮ್ಮನೆ ಏರುತ್ತದೆ.

ಕತ್ತಲಾದ ಮೇಲೆ ಅಳೆಯಿರಿ, ದೀಪ ಹಾಕಿ 20 ನಿಮಿಷ ಬಿಟ್ಟು. ವೈರ್ ಇದ್ದಷ್ಟೂ ದೂರ ನಿಲ್ಲಿ. ನೆರಳು ಬಿದ್ದರೆ ಅಂಕಿ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು; ಬಿಳಿ ಅಂಗಿಯಿಂದ ಮರಳಿದ ಬೆಳಕು ಏರಿಸುತ್ತದೆ ಅನ್ನುವುದು ನೆನಪಿರಲ್ಲ.

ಬಣ್ಣಗಾಜು:
ಒಂದು ಮಾತು. ಈ ಮೀಟರ್‌ಗಳನ್ನು ಸಾಮಾನ್ಯವಾಗಿ ಟಂಗ್‌ಸ್ಟನ್ ಬಲ್ಬಿನ ಬೆಳಕಿಗೆ ಹೊಂದಿಸಿರುತ್ತಾರೆ. ಎಲ್‌ಇಡಿಯ ನೀಲಿ ಪಾಲು ಬೇರೆ, ಹಾಗಾಗಿ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ.

ಲೂಮೆನ್‌ಲೆಕ್ಕ:
ನಿಜ, ಆದರೆ ಬಿಳಿ ಎಲ್‌ಇಡಿಗೆ ಈ ಕೆಲಸ ಕೆಡುವಷ್ಟಲ್ಲ. ಗಿಡ ಬೆಳೆಸುವ ನೇರಳೆ ದೀಪದ ಕೆಳಗೆ ಲಕ್ಸ್ ಅಳೆಯುವವರು ತಲೆ ಕೆಡಿಸಿಕೊಳ್ಳಲಿ.

ಓದುಮನೆ:
ನಿನ್ನೆ ರಾತ್ರಿ ಅಳೆದೆ. ಕಿಟಕಿ ಸಾಲು 248, 325, 251. ನಡು ಸಾಲು 290, 352, 287. ಒಳಗೋಡೆ ಸಾಲು 243, 318, 246.

ತಂತಿಕಂಬ:
ಸರಾಸರಿ 284. ನಡುವಿನ ಮೇಜಿಗೆ ರಾತ್ರಿ 352, ಅಂದರೆ ಮಧ್ಯಾಹ್ನದ 412ರಲ್ಲಿ 60 ಲಕ್ಸ್ ಕಿಟಕಿಯದಾಗಿತ್ತು, ನೋಡಿ. ಹಂಚಿಕೆಗೆ ದೋಷ ಹೇಳುವ ಹಾಗಿಲ್ಲ: ಅತಿ ಕಡಿಮೆ 243, ಅದನ್ನು ಸರಾಸರಿಯಿಂದ ಭಾಗಿಸಿದರೆ 0.85, 0.6 ಇದ್ದರೆ ಸಾಕು. ಕಡಿಮೆ ಇರುವುದು ಮಟ್ಟ. ಒಳಾಂಗಣ ಬೆಳಕಿನ ಯುರೋಪಿನ ಮಾನದಂಡ ಇಎನ್ 12464-1 ಓದುವ ಜಾಗಕ್ಕೆ 500 ಕೇಳುತ್ತದೆ, ಅದೂ ದೀಪ ಹಳೆಯದಾಗಿ ಧೂಳು ಹಿಡಿದ ಮೇಲೂ ಉಳಿಯಬೇಕಾದ ಬೆಳಕು. ಹೊಸದರ ಬೆಳಕಿನಲ್ಲಿ ಕೊನೆಗೆ 0.8 ಪಾಲು ಉಳಿಯುತ್ತದೆ ಅಂತ ಲೆಕ್ಕ ಹಿಡಿದರೆ ಹೊಸದರಲ್ಲಿ 625 ಬೇಕು. ಕೋಣೆಗೆಲ್ಲ ಟ್ಯೂಬ್ ದುಪ್ಪಟ್ಟು ಮಾಡುವ ಬದಲು ಮೇಜುಗಳ ಮೇಲಷ್ಟೇ ಒಂದು ಸಾಲು ಸೇರಿಸಿ ಮತ್ತೆ ಅಳೆಯಿರಿ.

ಬಣ್ಣಗಾಜು:
ಪುಸ್ತಕದ ಕಪಾಟನ್ನೂ ಅಳೆಯಿರಿ. ಅಲ್ಲಿ 200 ಸಾಕು, ಆದರೆ ಸೆನ್ಸರ್ ಮಲಗಿಸಬಾರದು. ಪುಸ್ತಕದ ಬೆನ್ನಿಗೆ ತಾಗಿಸಿ, ಮುಖ ನಮ್ಮ ಕಡೆಗಿರುವಂತೆ ನಿಲ್ಲಿಸಿ. ಅತಿ ಕೆಳಗಿನ ಅರೆಯಿಂದ ಶುರು ಮಾಡಿ.