ಉಗಾಂಡಾದಿಂದ ಬಂದ 11ನೇ ದಿನಕ್ಕೆ ಜ್ವರ: ಸೋಮವಾರದವರೆಗೆ ಕಾಯಬಹುದೇ?

ಪ್ರಶ್ನೆ (ಗೃಹಿಣಿ, ಮೂಡಿಗೆರೆ ತಾಲ್ಲೂಕು):
ನಮಸ್ಕಾರ ಡಾಕ್ಟರೇ. ನಮ್ಮ ಯಜಮಾನರು ಉಗಾಂಡಾದ ಕಾಫಿ ತೋಟವೊಂದರಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕೂರಿಸಿಕೊಡಲು ಹೋಗಿ ಎರಡು ತಿಂಗಳಿದ್ದು ಬಂದರು. ಬಂದ 11ನೇ ದಿನಕ್ಕೆ ಜ್ವರ ಹಿಡಿಯಿತು. ಇವತ್ತಿಗೆ ಮೂರು ದಿನ. ತಲೆನೋವು, ಮೈಕೈ ನೋವು, ನಿನ್ನೆಯಿಂದ ವಾಂತಿ. ಡೆಂಗಿ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಚಳಿ ನಡುಕ ಇಲ್ಲ, ಹಾಗಾಗಿ ಮಲೇರಿಯಾ ಅಲ್ಲ ಎನ್ನುತ್ತಾರೆ ಮೈದುನ. ಅತ್ತೆಯವರಿಗೆ ಮಂಗನ ಕಾಯಿಲೆಯ ಭಯ. ಹಣ್ಣು ಕುಯ್ಲು ನಡೆಯುತ್ತಿದೆ, ಸೋಮವಾರದವರೆಗೆ ನೋಡೋಣ ಎಂದು ಇವರು ಮಲಗಿಬಿಟ್ಟಿದ್ದಾರೆ. ಕಾಯಬಹುದೇ?

ವೈದ್ಯರ ಉತ್ತರ:
ಬೇಡಮ್ಮ. ಸೋಮವಾರ ಹಾಗಿರಲಿ, ಇವತ್ತು ಸಂಜೆಯವರೆಗೂ ಬೇಡ. ಇದನ್ನು ಓದಿದ ಕೂಡಲೇ ಹೊರಡಿ. ಆಸ್ಪತ್ರೆಯಲ್ಲಿ ಮೊದಲು ಬಾಯಿಗೆ ಬರಬೇಕಾದ ಮಾತು ‘ಜ್ವರ’ ಅಲ್ಲ, ‘ಉಗಾಂಡಾ’. ಅವರು ಕೇಳಲಿ ಎಂದು ಕಾಯಬೇಡಿ.

ಆಫ್ರಿಕಾದಿಂದ ಬಂದವರಿಗೆ ಜ್ವರ ಬಂದರೆ ಮಲೇರಿಯಾ ಅಲ್ಲ ಎಂದು ಖಚಿತವಾಗುವವರೆಗೆ ಅದು ಮಲೇರಿಯಾವೇ ಎಂದು ನಡೆದುಕೊಳ್ಳಬೇಕು. ಅಲ್ಲಿ ಹೆಚ್ಚು ಇರುವುದು ಫಾಲ್ಸಿಪಾರಂ ಜಾತಿ. ಸೊಳ್ಳೆ ಕಚ್ಚಿದ ಮೇಲೆ ಕನಿಷ್ಠ ಒಂದು ವಾರ, ಸಾಮಾನ್ಯವಾಗಿ ಎರಡು ವಾರದೊಳಗೆ, ಕೆಲವೊಮ್ಮೆ ತಿಂಗಳು ಕಳೆದ ಮೇಲೆ ಜ್ವರ ತೋರುತ್ತದೆ. ನಿಮ್ಮ 11 ದಿನ ಆ ಲೆಕ್ಕದೊಳಗೇ ಇದೆ. ದಿನ ಬಿಟ್ಟು ದಿನ ಗಡಗಡ ನಡುಗಿಸುವುದು ನಮ್ಮ ಅಜ್ಜಂದಿರು ಕಂಡ ಚಳಿಜ್ವರದ ಚಿತ್ರ. ಫಾಲ್ಸಿಪಾರಂ ಮೊದಲ ದಿನಗಳಲ್ಲಿ ಹಾಗೆ ಪಾಳಿ ನೋಡಿಕೊಂಡು ಬರುವುದಿಲ್ಲ. ಸಾಧಾರಣ ಫ್ಲೂ ಜ್ವರದ ಹಾಗೆ ಮಲಗಿಸುತ್ತದೆ, ಎರಡೇ ದಿನದಲ್ಲಿ ಮೂತ್ರಪಿಂಡಕ್ಕೋ ಮಿದುಳಿಗೋ ಹೋಗಬಲ್ಲದು.

ಅತ್ತೆಯವರ ಭಯ ಸುಳ್ಳಲ್ಲ. ಮಂಗನ ಕಾಯಿಲೆಯ ಕಾಲ ಇದೇ. ಆದರೆ ಅದು ಸೊಳ್ಳೆಯಿಂದಲ್ಲ, ಕಾಡಿನ ಉಣುಗಿನಿಂದ ಬರುವಂಥದ್ದು, ಅದಕ್ಕೇ ಎಂದು ಬೇರೆ ಔಷಧವೂ ಇಲ್ಲ. ಮಲೇರಿಯಾಕ್ಕೆ ಇದೆ. ಮದ್ದು ಇರುವ ಕಾಯಿಲೆಯನ್ನು ಮೊದಲು ಹುಡುಕೋಣ, ಉಳಿದದ್ದನ್ನು ಜೊತೆಜೊತೆಗೆ ನೋಡಬಹುದು.

ರಕ್ತಲೇಪನ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕಾರ್ಡ್ ಪರೀಕ್ಷೆ (ಬೇಗ ಫಲಿತಾಂಶ ಕೊಡುವ ಕಿಟ್) ಎರಡನ್ನೂ ಮಾಡಿಸಿ. ಒಮ್ಮೆ ಇಲ್ಲ ಎಂದು ಬಂದರೆ ಅಲ್ಲಿಗೆ ಮುಗಿಯಲಿಲ್ಲ, 12ರಿಂದ 24 ಗಂಟೆಗೊಮ್ಮೆ ಮತ್ತೆರಡು ಸಲ ನೋಡಬೇಕು.

ಇಷ್ಟು ಗಡುಸಾಗಿ ಹೇಳುವುದಕ್ಕೆ ಕಾರಣವಿದೆ. ಬಹಳ ಹಿಂದೆ, ಆಷಾಢದ ಜಡಿಮಳೆಯಲ್ಲಿ, ಕಣ್ಣು ಹಳದಿಯಾದ ಹುಡುಗನೊಬ್ಬನನ್ನು ಕರೆತಂದರು. ಗದ್ದೆ ಕೆಲಸದ ಕಾಲವಲ್ಲವೇ, ಇಲಿ ಜ್ವರ ಎಂದು ಎರಡು ದಿನ ಔಷಧ ಕೊಟ್ಟೆ. ಮೂರನೆಯ ದಿನ ಅವನ ಚೀಲದಲ್ಲಿ ವಿಮಾನದ ಚೀಟಿ ಕಂಡಿತು, ಪಶ್ಚಿಮ ಆಫ್ರಿಕಾದ್ದು. ಕೂಡಲೇ ಬೆರಳು ಚುಚ್ಚಿ ಸ್ಲೈಡ್ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಂಪು ರಕ್ತಕಣಗಳೊಳಗೆ ಹರಳು ಕೂರಿಸಿದ ಪುಟ್ಟ ಉಂಗುರಗಳು, ಒಂದೊಂದು ಕಣದಲ್ಲಿ ಎರಡೆರಡು, ಫಾಲ್ಸಿಪಾರಂ ರೋಗಾಣುವಿನದೇ ರೂಪ. ಹುಡುಗ ಬದುಕಿದ. ಎಲ್ಲಿಂದ ಬಂದೆ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸದಸ್ಯರೊಬ್ಬರು (ಸಕಲೇಶಪುರ):
ನಮ್ಮ ತೋಟದ ಔಷಧಿ ಪೆಟ್ಟಿಗೆಯಲ್ಲಿ ಕ್ಲೋರೋಕ್ವಿನ್ ಮಾತ್ರೆ ಇದೆ. ದಾರಿಯಲ್ಲೇ ಇಳಿದು ಕೊಡಲೇ?

ವೈದ್ಯರು:
ನಿಮ್ಮ ಒಳ್ಳೆಯ ಮನಸ್ಸಿಗೆ ವಂದನೆ, ಮಾತ್ರೆ ಪೆಟ್ಟಿಗೆಯಲ್ಲೇ ಇರಲಿ. ಮಲೇರಿಯಾದ ಇನ್ನೊಂದು ಜಾತಿ ವೈವಾಕ್ಸ್‌ಗೆ ಅದು ಇಂದಿಗೂ ನಡೆಯುತ್ತದೆ. ಆಫ್ರಿಕಾದ ಫಾಲ್ಸಿಪಾರಂ ಅದನ್ನು ಎಂದೋ ಜೀರ್ಣಿಸಿಕೊಂಡಿದೆ. ಅದಕ್ಕೆ ಆರ್ಟಿಮಿಸಿನಿನ್ ಸೇರಿದ ಜೋಡಿ ಔಷಧ ಬೇಕು; ವಾಂತಿ, ಕಾಮಾಲೆ, ಮಂಪರು ಕಂಡರೆ ಆರ್ಟಿಸುನೇಟ್ ಇಂಜೆಕ್ಷನ್. ಹಾಗೆಯೇ ಯಾವ ಜ್ವರ ಎಂದು ತಿಳಿಯುವ ಮೊದಲು ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ಅಕಸ್ಮಾತ್ ಡೆಂಗಿಯಾದರೆ ರಕ್ತಸ್ರಾವ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಸಾಕು. ಪಪ್ಪಾಯಿ ಎಲೆ ರಸದ ಬಗ್ಗೆ ಮೂವರು ಖಾಸಗಿಯಾಗಿ ಕೇಳಿದ್ದೀರಿ. ವಾಂತಿ ಮಾಡುತ್ತಿರುವವರಿಗೆ ಆ ಕಹಿ ಕುಡಿಸುವ ಆಲೋಚನೆ ಯಾರಿಗಾದರೂ ಹೇಗೆ ಬರುತ್ತದೋ!

ಅದೇ ಗೃಹಿಣಿ (ರಾತ್ರಿ):
ಹಾಸನಕ್ಕೆ ಬಂದಿದ್ದೇವೆ. ಫಾಲ್ಸಿಪಾರಂ ಎಂದೇ ಬಂತು. ಪ್ಲೇಟ್‌ಲೆಟ್ 60 ಸಾವಿರ, ಕಣ್ಣು ಹಳದಿ. ಇಂಜೆಕ್ಷನ್ ಶುರುವಾಗಿದೆ. ಅಲ್ಲಿದ್ದಾಗ ಮಲೇರಿಯಾ ಬಾರದಿರಲೆಂದು ದಿನಕ್ಕೊಂದು ಡಾಕ್ಸಿಸೈಕ್ಲಿನ್ ಮಾತ್ರೆ ತಪ್ಪದೆ ತೆಗೆದುಕೊಂಡಿದ್ದರಂತೆ. ಹಾಗಿದ್ದೂ ಹೇಗೆ ಬಂತು?

ವೈದ್ಯರು:
ಬೆಂಗಳೂರಿನಲ್ಲಿ ಇಳಿದ ದಿನವೇ ನಿಲ್ಲಿಸಿರಬೇಕು, ಕೇಳಿ ನೋಡಿ. ಬಹಳ ಜನ ಎಡವುವುದು ಇಲ್ಲಿಯೇ. ಕಚ್ಚಿದ ಸೊಳ್ಳೆ ಬಿಟ್ಟ ರೋಗಾಣು ನೇರ ರಕ್ತಕ್ಕೆ ಬರುವುದಿಲ್ಲ, ಪಿತ್ತಜನಕಾಂಗದಲ್ಲಿ ಅಡಗಿ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೆಳೆಯುತ್ತದೆ. ಡಾಕ್ಸಿಸೈಕ್ಲಿನ್ ಮುಖ್ಯವಾಗಿ ಹೊಡೆಯುವುದು ಅದು ರಕ್ತಕ್ಕೆ ಇಳಿದ ಮೇಲೆ. ಹೊರಡುವ ಹಿಂದಿನ ರಾತ್ರಿ ಕಚ್ಚಿದ್ದರೆ, ಅದು ಹೊರಗೆ ಬರುವಾಗ ಕಾವಲಿಗೆ ಮಾತ್ರೆ ಇರಬೇಕು. ಅದಕ್ಕೇ ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು ಎನ್ನುವುದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬ ಇನ್ನೊಂದು ತಡೆ ಮಾತ್ರೆ ಪಿತ್ತಜನಕಾಂಗದಲ್ಲಿಯೇ ಕೆಲಸ ಮಾಡುವುದರಿಂದ ಅದಕ್ಕೆ ಏಳು ದಿನ ಸಾಕು.

ಅದೇ ಗೃಹಿಣಿ:
ಹೌದು ಡಾಕ್ಟರೇ. ಉಳಿದ ಮಾತ್ರೆ ಪೆಟ್ಟಿಗೆಯಲ್ಲೇ ಇವೆ.

ಸದಸ್ಯರೊಬ್ಬರು (ಕೊಪ್ಪ):
ನನ್ನ ಮಗ ಥಾಯ್ಲೆಂಡ್ ಪ್ರವಾಸದಿಂದ ಡೆಂಗಿ ಹಚ್ಚಿಕೊಂಡು ಬಂದಿದ್ದಾನೆ. ಮನೆಯವರಿಗೆ ಹರಡುತ್ತದೆಯೇ? ಇನ್ನೊಂದು, ಬರುವ ತಿಂಗಳು ಅಣ್ಣನ ಮಗನೂ ಉಗಾಂಡಾಕ್ಕೆ ಹೊರಟಿದ್ದಾನೆ.

ವೈದ್ಯರು:
ಅವನ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ, ಅವನನ್ನು ಕಚ್ಚಿದ ಈಡಿಸ್ ಸೊಳ್ಳೆ ಕೆಲವು ದಿನದ ಮೇಲೆ ನಿಮ್ಮನ್ನು ಕಚ್ಚಿದರೆ ಹರಡುತ್ತದೆ. ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಜ್ವರವಿರುವಷ್ಟು ದಿನ ಮಧ್ಯಾಹ್ನವೂ ಸೊಳ್ಳೆ ಪರದೆಯೊಳಗೆ ಮಲಗಲಿ. ನಂತರ ಒಂದು ಸುತ್ತು ತೋಟಕ್ಕೆ ಹೋಗಿ ಬನ್ನಿ: ಕಳಚಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಡ್ರಮ್ಮಿನ ಮುಚ್ಚಳ. ಒಂದು ಹಾಳೆಯ ಮಡಿಕೆಯಲ್ಲಿ ನಿಂತ ಅಂಗೈಯಷ್ಟು ನೀರಿನಲ್ಲಿ ಮರಿಗಳು ತಲೆಕೆಳಗಾಗಿ ಕುಣಿಯುವುದನ್ನು ನಾನೇ ನೋಡಿದ್ದೇನೆ. ಜ್ವರ ಬಿಟ್ಟ ಮರುದಿನ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಗುಣವಾಯಿತು ಎಂದುಕೊಳ್ಳಬೇಡಿ. ಡೆಂಗಿ ಕೈಕೊಡುವುದು ಆಗಲೇ.

ಅಣ್ಣನ ಮಗನಿಗೆ ಹಳದಿ ಜ್ವರದ ಲಸಿಕೆ ಹೊರಡುವ ಕನಿಷ್ಠ 10 ದಿನ ಮೊದಲು ಆಗಿರಬೇಕು. 2016ರ ಜುಲೈನಿಂದ ಆ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಅದಿಲ್ಲದೆ ವಾಪಸಾದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಮಲೇರಿಯಾವನ್ನು ತಡೆಯುವುದಿಲ್ಲ. ಮಾತ್ರೆಯ ವಿಷಯ ಮೇಲೆ ಬರೆದಿದ್ದೇನೆ, ಅವನಿಗೆ ತೋರಿಸಿ.

ಅದೇ ಗೃಹಿಣಿ (ಆರನೆಯ ದಿನ):
ಜ್ವರ ಬಿಟ್ಟಿದೆ, ನಾಳೆ ಮನೆಗೆ. ಬಂದವರೇ ಪಲ್ಪರ್ ಹತ್ತಿರ ಹೋಗಬೇಕಂತೆ.

ವೈದ್ಯರು:
ಪಲ್ಪರ್ ಅನ್ನು ಮೈದುನ ನೋಡಿಕೊಳ್ಳಲಿ, ಮಲೇರಿಯಾ ಅಲ್ಲ ಎಂದ ದಂಡಕ್ಕೆ. ಆರ್ಟಿಸುನೇಟ್ ಇಂಜೆಕ್ಷನ್ ಆದವರಲ್ಲಿ ಕೆಲವರಿಗೆ ಒಂದೆರಡು ವಾರದ ಮೇಲೆ ರಕ್ತಕಣಗಳು ಒಡೆದು ರಕ್ತ ಕಡಿಮೆಯಾಗುವುದುಂಟು. ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ವಾರ ತುಂಬುವುದನ್ನು ಕಾಯದೆ ಬನ್ನಿ.