10 ದಿನ ತವರಿಗೆ ಹೋಗಬೇಕು: ಸ್ಟ್ರೋಕ್ ಆದ ಅತ್ತೆಗೆ ಮನೆಗೇ ಅಟೆಂಡರ್ ಕರೆಸುವುದೋ, ಆರೈಕೆ ಸೆಂಟರ್‌ನಲ್ಲಿ ಬಿಡುವುದೋ?

ಸೊಸೆ_ಮೈಸೂರು
ಅತ್ತೆಗೆ 76. ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಕಮ್ಮಿ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ. ಶುಗರ್‌ಗೆ ದಿನಕ್ಕೆ ಎರಡು ಸಲ ಮಿಕ್ಸ್ ಇನ್ಸುಲಿನ್. ನೀರು ಕುಡಿದರೆ ಕೆಮ್ಮು. ರಾತ್ರಿ ತಾವಾಗಿ ಮಗ್ಗುಲು ಬದಲಿಸಲು ಆಗಲ್ಲ. ಮಾವನಿಗೆ 81, ಓಡಾಡಿಕೊಂಡಿದ್ದಾರೆ, ಆದರೆ ಎತ್ತಿ ಕೂರಿಸುವಷ್ಟು ಶಕ್ತಿ ಇಲ್ಲ. ಅತ್ತೆಗೆ ಮನೆ ಬಿಟ್ಟು ಹೋಗಲು ಸುತರಾಂ ಇಷ್ಟವಿಲ್ಲ. ಏಜೆನ್ಸಿಯವರು "24 ಗಂಟೆ ಅಟೆಂಡರ್ ಕಳಿಸ್ತೀವಿ, ಎಲ್ಲಾ ನೋಡ್ಕೋತಾರೆ" ಅಂದರು. ಅಷ್ಟು ಸಾಕಾ? ಆಯುಷ್ಮಾನ್ ಕಾರ್ಡಿನಲ್ಲಿ ಇದಕ್ಕೆ ಏನಾದರೂ ಸಿಗುತ್ತಾ?

ಹೋಂ_ನರ್ಸಿಂಗ್_ಸಿಸ್ಟರ್
ಕಾರ್ಡಿನ ವಿಷಯ ಮೊದಲು ಮುಗಿಸೋಣ. 70 ದಾಟಿದವರ ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ. ಮನೆಯ ಅಟೆಂಡರ್ ಸಂಬಳ ಅದರಲ್ಲಿ ಬರಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದು, ಆದರೆ "24 ಗಂಟೆ" ಅಂದರೆ ಏನು ಅಂತ ಬಿಡಿಸಿ ಕೇಳಿ. ಆ ಅಟೆಂಡರ್ ಮನೆಯಲ್ಲೇ ಇರುತ್ತಾರೆ, ರಾತ್ರಿ ನಿದ್ದೆಯನ್ನೂ ಮಾಡುತ್ತಾರೆ. ನಿಮ್ಮ ಅತ್ತೆಗೆ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೆಲ್ಲ ದುಡಿದವರು ರಾತ್ರಿ ನಾಲ್ಕೈದು ಸಲ ಏಳುವುದು ಒಂದು ದಿನ, ಎರಡು ದಿನ. ಮೂರನೇ ದಿನಕ್ಕೆ ಏಳುವುದು ನಿಲ್ಲುತ್ತದೆ, ಒಂದು ವಾರದೊಳಗೆ ಸೊಂಟದ ಕೆಳಗೆ ಕೆಂಪಗಾಗುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ, ಲೆಕ್ಕವೇ ತಪ್ಪಿರುತ್ತದೆ. ನಿಮಗೆ ಬೇಕಿರುವುದು 12 ಗಂಟೆಯ ಎರಡು ಶಿಫ್ಟ್, ರಾತ್ರಿಯವರು ಎಚ್ಚರವಿರಬೇಕು ಅಂತ ಬರೆಸಿಕೊಂಡು.

ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಇದ್ದರೂ ಮಗ್ಗುಲು ಬದಲಿಸುವುದು ತಪ್ಪಲ್ಲ. ಅವರು ಮಲಗಿರುವಾಗ ಸೊಂಟದ ನೇರಕ್ಕೆ ಬೆಡ್ ಅಡಿಗೆ ಅಂಗೈ ಹಾಕಿ ನೋಡಿ. ಮೂಳೆ ಕೈಗೆ ತಗುಲಿದರೆ ಗಾಳಿ ಸಾಲದು. ಮೇಲೆ ದಪ್ಪ ಬೆಡ್‌ಶೀಟು, ರಬ್ಬರ್ ಶೀಟು, ಅದರ ಮೇಲೆ ಮತ್ತೊಂದು ಬಟ್ಟೆ ಅಂತ ಬಿಗಿಯಾಗಿ ಸಿಕ್ಕಿಸಿದರೆ ಆ ಬೆಡ್ ಇದ್ದೂ ಇಲ್ಲದಂತೆ. ಪಂಪಿನ ಪ್ಲಗ್ ಯುಪಿಎಸ್ ಲೈನಿನಲ್ಲಿರಲಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ. ದಿನಾ ಸ್ನಾನದ ಹೊತ್ತಿಗೆ ಬೆನ್ನು, ಸೊಂಟ, ಹಿಮ್ಮಡಿ ನೋಡಬೇಕು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ. ಅಲ್ಲಿ ಪೌಡರ್ ಹಾಕಿ ಉಜ್ಜುವುದು ಬೇಡ.

ಇನ್ಸುಲಿನ್: ಸಾಮಾನ್ಯ ಅಟೆಂಡರ್ ಇಂಜೆಕ್ಷನ್ ಕೊಡುವ ತರಬೇತಿ ಪಡೆದವರಲ್ಲ, ಬಹಳ ಏಜೆನ್ಸಿಗಳು ಬಿಡುವುದೂ ಇಲ್ಲ. ಅದಕ್ಕೆ ಬೆಳಿಗ್ಗೆ, ಸಂಜೆ ನರ್ಸ್ ಬಂದು ಹೋಗುವ ಏರ್ಪಾಡು ಬೇರೆಯೇ ಮಾಡಿ. ಮಿಕ್ಸ್ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ಎಡವಟ್ಟಾಗುವುದು ಇಲ್ಲಿ: ಇಂಜೆಕ್ಷನ್ ಆಗಿಬಿಟ್ಟಿರುತ್ತದೆ, ಹೊಸಬರ ಕೈಯಲ್ಲಿ ಅತ್ತೆ ಎರಡೇ ತುತ್ತು ತಿಂದು ಸಾಕು ಅಂದುಬಿಡುತ್ತಾರೆ. ಊಟ ಕಮ್ಮಿಯಾದರೆ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿ ಬರೆದಿಡಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಕೊಡಬೇಕು, ಇವರಿಗೆ ನೀರಾಗಿ ಅಲ್ಲ, ಪೇಸ್ಟಿನಂತೆ ಗಟ್ಟಿಯಾಗಿ ಕಲಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108.

ಫಿಸಿಯೋ_ಹಾಸನ
ಸಿಸ್ಟರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ, ಅಟೆಂಡರ್ ಬಂದ ಮೊದಲ ದಿನವೇ ತಪ್ಪುವ ಕೆಲಸಗಳಿವು.

ಎಬ್ಬಿಸುವಾಗ ಬಲಗೈ ಹಿಡಿದು ಎಳೆಯುತ್ತಾರೆ, ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ. ಸ್ವಾಧೀನವಿಲ್ಲದ ಭುಜವನ್ನು ಹಿಡಿದಿಡುವ ಸ್ನಾಯುವೇ ಸೋತಿರುವುದರಿಂದ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಕುರ್ಚಿಯನ್ನು ಎಡಗಡೆಗೆ, ಅಂದರೆ ಬಲವಿರುವ ಕಡೆಗೆ ಇಡಿ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಲಿ. ಪಾದಗಳು ನೆಲಕ್ಕೆ ಪೂರ್ತಿ ಊರಿರಬೇಕು, ಮೂಗು ಮಂಡಿಯ ಮುಂದಕ್ಕೆ ಬರುವಷ್ಟು ಬಾಗಿಸಿ, ಆಮೇಲೆ ಎಬ್ಬಿಸುವುದು.

ಊಟ: ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಎಡಗಡೆಯಿಂದ ಚಿಕ್ಕ ಚಮಚದಲ್ಲಿ. ಕಿವುಚಿದ ಮೊಸರನ್ನ, ಗಟ್ಟಿ ಗಂಜಿ ಸಾಮಾನ್ಯವಾಗಿ ಸಲೀಸು. ನೀರಾದ ಸಾರಿನಲ್ಲಿ ಅನ್ನದ ಅಗುಳು ತೇಲುತ್ತಿರುವುದು, ಮಂಡಕ್ಕಿ, ಒಣ ಅವಲಕ್ಕಿ ಬೇಡ. ನೀರು ಮೊದಲೇ ಗಂಟಲಿಗೆ ಇಳಿದುಬಿಡುತ್ತದೆ, ಅಗುಳು ಬಾಯಲ್ಲೇ ಉಳಿದಿರುತ್ತದೆ. ಮುಗಿದ ಮೇಲೆ ಬಲಗೆನ್ನೆಯ ಒಳಗೆ ಟಾರ್ಚ್ ಬಿಟ್ಟು ನೋಡಿ, ತುತ್ತು ಅಲ್ಲೇ ಕೂತಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಅರ್ಧ ಗಂಟೆ ಮಲಗಿಸಬೇಡಿ. ನುಂಗುವ ಪರೀಕ್ಷೆ ಆಗಿಲ್ಲದಿದ್ದರೆ ಹೊರಡುವ ಮುಂಚೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಮಾಡಿಸಿಬಿಡಿ. ಮೈಸೂರಿನಲ್ಲೇ ಇದ್ದೀರಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ.

ಸೊಸೆ_ಮೈಸೂರು
ಎರಡು ಶಿಫ್ಟ್ ಅಂದರೆ ಖರ್ಚು ಸೆಂಟರ್‌ಗಿಂತ ಜಾಸ್ತಿ ಆಗಬಹುದು. ಸೆಂಟರ್ ನೋಡುವುದಾದರೆ ಏನು ಕೇಳಬೇಕು?

ಹೋಂ_ನರ್ಸಿಂಗ್_ಸಿಸ್ಟರ್
ಬೆಳಿಗ್ಗೆ 11ಕ್ಕೆ ಹೋಗಿ ನೋಡಬೇಡಿ, ಆ ಹೊತ್ತಿಗೆ ಎಲ್ಲಾ ಕಡೆ ಚೆನ್ನಾಗಿಯೇ ಕಾಣುತ್ತೆ. ಸಂಜೆ ಏಳರ ಮೇಲೆ ಹೋಗಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಇನ್ಸುಲಿನ್ ಯಾರು ಕೊಡುತ್ತಾರೆ, ಮೈ ಬಿಸಿಯಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಫೋನ್ ಯಾರಿಗೆ ಮಾಡುತ್ತಾರೆ. ಬಿಡುವ ದಿನ ಬೆನ್ನು, ಹಿಮ್ಮಡಿಯ ಫೋಟೋ ಅವರ ಎದುರೇ ತೆಗೆಯಿರಿ. ಅದಕ್ಕೆ ಬೇಜಾರು ಮಾಡಿಕೊಳ್ಳುವ ಸೆಂಟರ್ ನಿಮಗೆ ಬೇಡ. ಮುಂಚೆ ಎರಡು ರಾತ್ರಿ ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ಜಾಗ ಹುಡುಕಲು ಹಿರಿಯರ ಸಹಾಯವಾಣಿ 14567ಕ್ಕೆ ಮಾಡಿ, ಬೆಳಿಗ್ಗೆ 8ರಿಂದ ರಾತ್ರಿ 8.

ಆದರೂ ನನ್ನ ಮತ ಮನೆಗೇ. ಮನೆ ಬಿಡಲು ಒಪ್ಪದವರನ್ನು ಹೊಸ ಜಾಗಕ್ಕೆ ಒಯ್ದರೆ ಮೊದಲ ಎರಡು ದಿನ ಊಟ ಬಿಡುತ್ತಾರೆ, ಇವರಿಗೆ ಇನ್ಸುಲಿನ್ ಬೇರೆ ಇದೆ. ನೀವು ಹೊರಡುವ ಮೂರು ದಿನ ಮುಂಚೆಯೇ ಇಬ್ಬರೂ ಅಟೆಂಡರ್ ಬರಲಿ. ಮೊದಲ ದಿನ ಅವರು ನೋಡಲಿ, ಎರಡನೇ ದಿನ ನಿಮ್ಮೆದುರು ಮಾಡಲಿ, ಮೂರನೇ ದಿನ ನೀವು ಅರ್ಧ ದಿನ ಮನೆಯಲ್ಲಿ ಇರಬೇಡಿ. ಮಾತ್ರೆ, ಹೊತ್ತು, ಮಗ್ಗುಲು, ಮೂತ್ರ, ಶುಗರ್ ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಬರೆಯಲಿ. ಮಾವನ ಕೆಲಸ ದಿನಾ ಅದರ ಫೋಟೋ ನಿಮಗೆ ಕಳಿಸುವುದು, ಅಷ್ಟೇ. ಅಟೆಂಡರ್ ಬರದಿದ್ದರೆ ಎಷ್ಟು ಗಂಟೆಯೊಳಗೆ ಬದಲಿ ಕಳಿಸುತ್ತಾರೆ ಅಂತ ಏಜೆನ್ಸಿಯಿಂದ ಬರೆಸಿಕೊಳ್ಳಿ, ಪೊಲೀಸ್ ವೆರಿಫಿಕೇಷನ್ ಪ್ರತಿ ಕೇಳಿ. ಅತ್ತೆಯ ಬಳೆ, ಸರ ಮುಂಚೆಯೇ ಬೀರುವಿಗೆ ಸೇರಲಿ. ಇದು ಅನುಮಾನವಲ್ಲ, ಅಟೆಂಡರ್‌ಗೂ ಅದೇ ನೆಮ್ಮದಿ.

ಧಾರವಾಡ_ಕಾಂಟ್ರಾಕ್ಟರ್
ಬಾಥ್‌ರೂಮ್ ಯಾರೂ ಹೇಳಲೇ ಇಲ್ಲಲ್ರಿ. ಟವಲ್ ರಾಡ್ ಹಿಡಿದು ಏಳಾಕ ಬಿಡಬ್ಯಾಡ್ರಿ, ಅದು ಭಾರ ತಡಿಯೂದಿಲ್ಲ. ಒತ್ತಿ ಅಂಟಸೂ ರಬ್ಬರ್ ಹಿಡಿಕೀನೂ ಬ್ಯಾಡ, ಟೈಲ್ಸ್ ಮ್ಯಾಲ ನೀರು ಬಿದ್ದಕೂಡ್ಲೇ ಕಳಚತಾವ. ಸ್ಟೀಲ್ ಗ್ರ್ಯಾಬ್ ಬಾರ್, ನೆಲದಿಂದ 33 ರಿಂದ 36 ಇಂಚು, ಕಮೋಡಿನ ಮ್ಯಾಲ ಕುಂತವ್ರ ಎಡಗಡೆ, ಗೋಡೆಗೆ ಆಂಕರ್ ಬೋಲ್ಟ್ ಹಾಕಸ್ರಿ. ಪೊಳ್ಳು ಬ್ಲಾಕಿನ ಗೋಡಿ ಇದ್ರ ಮೊದ್ಲ ಹೇಳ್ರಿ, ಸಾದಾ ಬೋಲ್ಟ್ ಅಲ್ಲಿ ಹಿಡಿಯೂದಿಲ್ಲ.

ಇನ್ನೊಂದು, ಬಾಗಲಾ ಒಳಗ ತೆರೀತದೇನು ನೋಡ್ರಿ. ಅಜ್ಜಿ ಬಾಗಲದ ಹಿಂದನ ಬಿದ್ರ ಹೊರಗಿನವ್ರು ತಳ್ಳಾಕ ಆಗೂದಿಲ್ಲ. ಬಡಿಗ್ಯಾರನ್ನ ಕರಿಸಿ ಹೊರಗ ತೆರಿಯೂಹಂಗ ಮಾಡಸ್ರಿ, ಒಳಗಿನ ಚಿಲಕ ತಗಸ್ರಿ. ಹತ್ತು ದಿನದ ಸಲುವಾಗಿ ಇಷ್ಟೆಲ್ಲ ಆಗೂದಿಲ್ಲ ಅಂದ್ರ ಮಂಚದ ಬಾಜೂಕ ಕಮೋಡ್ ಕುರ್ಚಿ ಇಡ್ರಿ, ರಾತ್ರಿ ಬಾಥ್‌ರೂಮಿಗೆ ನಡಸೂದ ಬ್ಯಾಡ. ಗಾಲಿ ಇರೂ ಕುರ್ಚಿ ತಂದ್ರ ನಾಲ್ಕೂ ಗಾಲಿಗೆ ಲಾಕ್ ಅದಾವಿಲ್ಲೋ ಅಂಗಡಿಯೊಳಗ ಕುಂತ ನೋಡ್ರಿ.